ಎಲೆಯ ವೇಷದ ಕಾಂಡ

ರಾಯಾಪುರದ ಕಡೆಯ ಹೊಲದ ಬದುಗಳಲ್ಲಿ ನಡೆದಾಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರು ಪಾಪಾಸುಕಳ್ಳಿಯನ್ನು ಮರೆತಿರಲಾರರು. ಅದರ ಹಸುರು ಹಲಗೆಗಳನ್ನು ಜನರು ಎಲೆಗಳೆಂದೇ ಕರೆಯುವರು, ಸಸ್ಯಶಾಸ್ತ್ರವಾದರೋ ಕಾಂಡವೆನ್ನುವುದು. ಇಷ್ಟನ್ನು ಬರೆದರೆ ಪರೀಕ್ಷೆಯಲ್ಲಿ ಅಂಕಗಳು ದೊರೆಯುವುವು. ಏತಕ್ಕೆಂದು ಕೇಳುವವರು ವಿರಳ.

ನಾವು ಹಾಗೆ ಕೇಳಿದಾಗ ಒಬ್ಬಳು, “ಬಿದ್ದ ಹಲಗೆ ಬೇರು ಬಿಡುವುದರಿಂದ ಅದು ಕಾಂಡ” ಎಂದು ಒಪ್ಪಿಸಿದಳು. ಹಿಂದಿನ ಸಾಲಿನಿಂದ ಇನ್ನೊಬ್ಬಳು, “ಕಾಡುಬಸಳೆಯ ಎಲೆಯೂ ಬೇರು ಬಿಡುತ್ತದಲ್ಲಾ, ಅಕ್ಕೋರೇ?” ಎಂದಳು. ಮನೆಯಲ್ಲಿ ಇಂಥವಳಿಗೆ ಎದುರುಮಾತಿನವಳೆಂಬ ಹೆಸರು ಬಂದಿರುವುದುಂಟು. ತಂದೆತಾಯಿಗಳು ದಯಮಾಡಿ ಆ ಬಾಯಿಯನ್ನು ಮುಚ್ಚಿಸಬಾರದು. ಆ ದಿನ ತರಗತಿಯಲ್ಲಿ ಪಾಠವನ್ನು ಓದಿಕೊಂಡವರು ಹಲವರು, ಗಿಡವನ್ನು ನೋಡಿದ್ದವಳು ಅವಳೊಬ್ಬಳೇ.

ಉತ್ತರಕ್ಕಾಗಿ ಒಂದು ಎಳೆಯ ಹಲಗೆಯನ್ನು ಇಕ್ಕಳದಿಂದ ಹಿಡಿದು ತರಿಸಿದೆವು. ಅದರ ಗುಬುಟುಗಳಲ್ಲಿ ಮೊನಚಾದ ಪುಟ್ಟ ಎಲೆಗಳಿದ್ದವು. ಅವು ಬೇಗನೆ ಉದುರಿಹೋಗತಕ್ಕವು. ಅಲ್ಲಿಯೇ ಮುಳ್ಳು, ಅಲ್ಲಿಯೇ ಮೊಗ್ಗು, ಅಲ್ಲಿಯೇ ಹೊಸ ಹಲಗೆ. ತನ್ನ ಮೈಮೇಲೆ ಎಲೆಗಳನ್ನೂ ಕೊಂಬೆಗಳನ್ನೂ ಹೊರುವುದು ಎಲೆಯಾಗುವುದು ಹೇಗೆ? ಎಲೆ ಉದುರಿದ ಮೇಲೆ ಅದರ ಕೆಲಸವನ್ನು ಕಾಂಡವೇ ವಹಿಸಿಕೊಳ್ಳುವುದು. ಬಿಸಿಲಿನಲ್ಲಿ ನೀರು ಆರದಂತೆ ಹಗಲು ತನ್ನ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು, ಒಳಗೆಳೆದ ಅಂಗಾರಾಮ್ಲವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಆಹಾರ ಮಾಡಿಕೊಳ್ಳುವುದು.

ಈ ಅಮೆರಿಕಾದ ಗಿಡದ ಚರಿತ್ರೆಯಲ್ಲಿಯೂ ಒಂದು ವೇಷದ ಪ್ರಸಂಗವಿದೆ. ಕೆಂಪು ಬಣ್ಣ ಕೊಡುವ ಕೀಟವೆಂದು ನಂಬಿ 1795ರಲ್ಲಿ ಬ್ರಜಿಲ್ಲಿನಿಂದ ಭಾರತಕ್ಕೆ ತಂದದ್ದು ಅದರ ದಾಯಾದಿಯಾದ ಬೇರೊಂದು ಕೀಟ. ಒಳ್ಳೆಯ ಬಣ್ಣ ದೊರೆಯಲಿಲ್ಲ. ಕೀಟವು ಒಂದು ಜಾತಿಯ ಪಾಪಾಸುಕಳ್ಳಿಯನ್ನೇ ತಿಂದು ತೀರಿಸತೊಡಗಿತು. ಇನ್ನೊಂದು ಜಾತಿಯ ಕಳ್ಳಿಯನ್ನು ಅಡಗಿಸುವುದಕ್ಕೆ 1926ರಲ್ಲಿ ಸಿಂಹಳದಿಂದ ಮತ್ತೊಂದು ಕೀಟವನ್ನು ಬೇಕೆಂದೇ ತರಿಸಿದರು.

ಬಾಣಂತಿಯರಿಗೆ ಕೊಡುವ ಶತಾವರಿಯನ್ನು, ಅಂದರೆ ಹಲವುಮಕ್ಕಳ ತಾಯಿಬೇರಿನ ಬಳ್ಳಿಯನ್ನು, ಮನೆಯಲ್ಲಿ ಬೆಳೆಸಿದವರು ಅದರ ಸೂಜಿಯಂಥ ಹಸುರು ಎಸಳುಗಳ ಬುಡವನ್ನು ನೋಡಬೇಕು. ಅಲ್ಲಿರುವ ಒಣ ಹೊಟ್ಟಿನಂಥ ಚೂರೇ ನಿಜವಾದ ಎಲೆ. ಅದರ ಕಂಕುಳಿನಿಂದ ಹೊರಟ ಎಸಳುಗಳು ಕಿರುಕೊಂಬೆಗಳು.

ಆದರೆ ಚಪ್ಪಟೆಯಾದುದೆಲ್ಲವೂ ಕಾಂಡವೆಂದು ಯಾರೂ ತಿಳಿಯದಿರಲಿ. ರಸ್ತೆಬದಿಗಳಲ್ಲಿ ನೆಟ್ಟಿರುವ ಆಸ್ಟ್ರೇಲಿಯಾದ ಅಕೇಶಿಯಾ ಮರದಲ್ಲಿ ಎಲೆಯಂತೆ ತೋರುವುದು ಅಗಲವಾದ ಎಲೆಯ ತೊಟ್ಟು. ಅದರ ಬೀಜವನ್ನು ಕುಂಡದಲ್ಲಿ ಬಿತ್ತಿದರೆ, ಸಸಿಯು ಮೊದಲು ಜಾಲಿಯಂಥ ಗರಿಯೆಲೆಗಳನ್ನು ಬಿಟ್ಟು, ಆಮೇಲೆ ತೊಟ್ಟುಗಳನ್ನು ಅಗಲಿಸುವುದನ್ನು ಮಕ್ಕಳು ಮನೆಯಲ್ಲಿಯೇ ನೋಡಬಹುದು.