ಮೂರನೆಯ ಮನೆ

ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ ನಾನು ದಿನವೂ ಬಸ್ಸಿನಲ್ಲಿ ಹೋಗಿಬರುವವನು. ಕಾಲೇಜಿನಲ್ಲಿ ಕನ್ನಡ ಹೇಳುವುದು ನನ್ನ ವೃತ್ತಿ. ಬಸ್ಸಿನಲ್ಲಿ ಪತ್ರಿಕೆಯ ಸುಡೊಕು ಬಿಡಿಸುವುದು ಚಟ. ಒಂಬತ್ತು ಸಾಲು, ಒಂಬತ್ತು ಕಂಬ, ಒಟ್ಟು 81 ಮನೆ. ಯಾವ ಸಾಲಿನಲ್ಲಿಯೂ, ಕಂಬದಲ್ಲಿಯೂ, ಮೂರು ಮೂರರ ಚೌಕದಲ್ಲಿಯೂ ಒಂದು ಅಂಕೆ ಎರಡು ಸಲ ಬರಕೂಡದು. ನಿಯಮ ಇಷ್ಟೇ. ಕೂಡುವುದಿಲ್ಲ, ಕಳೆಯುವುದಿಲ್ಲ, ಹಾಗೇನಾದರೂ ಇದ್ದಿದ್ದರೆ ಕನ್ನಡ ಮೇಷ್ಟರು ಅದರ ಗೊಡವೆಗೆ ಹೋಗುತ್ತಿರಲಿಲ್ಲ.

ಒಂದು ದಿನ ಗಣಿತದ ಮಿತ್ರರೊಬ್ಬರು ನಾನು ತುಂಬಿದ ಚೌಕವನ್ನು ನೋಡಿ, “ಈ 7 ಇಲ್ಲಿಗೆ ಹೇಗೆ ಬಂತು?” ಎಂದರು.

“ಸರಿಯಾಗಿದೆಯಲ್ಲ!” ಎಂದೆ.

“ಸರಿಯಾಗಿದೆ. ಹೇಗೆ ಬಂತು ಎಂದು ಕೇಳಿದೆ.”

ನಿಜ ಹೇಳಬೇಕೆಂದರೆ ಅದು ಊಹೆಯಿಂದ ಬಂದಿತ್ತು. ನನ್ನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. ಪತ್ರಿಕೆಯ ಅಂಚಿನಲ್ಲಿ ಹೀಗೆ ಬರೆದರು:

7: ಸಾ2ಕಂ3 = ಸಾ2ಕಂ8 – ಸಾ6ಕಂ8 = ಸಾ6ಕಂ1

ಈ ಆಟದಲ್ಲಿ ಪಳಗಿದವರು ತಮ್ಮ ತರ್ಕವನ್ನು ಬರೆದಿಡುವ ಲಿಪಿಯಂತೆ ಇದು. ಇಂಗ್ಲಿಷ್ ಅಕ್ಷರಗಳ ಬದಲು ನನಗಾಗಿ ಕನ್ನಡ ಅಕ್ಷರ ಹಾಕಿದ್ದರು. ‘ಸಾ’ ಸಾಲು, ‘ಕಂ’ ಕಂಬ. ಎರಡು ಗೀಟಿನದು ಬಲವಾದ ಕೊಂಡಿ: ಇದಲ್ಲವಾದರೆ ಅದು ಆಗಲೇಬೇಕು. ಹಗಲು ಉಣ್ಣದ ದೇವದತ್ತ ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಲೇಬೇಕೆಂದು ಮೀಮಾಂಸಕರು ಹೇಳುವರಲ್ಲ, ಆ ಜಾತಿಯದು. ಒಂದು ಗೀಟಿನದು ದುರ್ಬಲ ಕೊಂಡಿ: ಇದಾದರೆ ಅದು ಅಲ್ಲ. ಅಷ್ಟೇ, ಇದಲ್ಲವೆಂದ ಮಾತ್ರಕ್ಕೆ ಅದು ಎಂದು ಹೇಳುವಂತಿಲ್ಲ.

ಎರಡನೆಯ ಸಾಲಿನಲ್ಲಿ 7ಕ್ಕೆ ಉಳಿದಿರುವುದು ಎರಡೇ ಮನೆ: ಮೂರನೆಯ ಕಂಬದ್ದು, ಎಂಟನೆಯ ಕಂಬದ್ದು. ಆರನೆಯ ಸಾಲಿನಲ್ಲಿಯೂ ಎರಡೇ: ಎಂಟನೆಯದು, ಮೊದಲನೆಯದು. ಎಂಟನೆಯ ಕಂಬದಲ್ಲಿ ಎರಡು 7 ಕೂಡದಷ್ಟೆ? ಆದುದರಿಂದ ಸರಪಳಿಯ ಎರಡು ತುದಿಗಳಲ್ಲಿ ಒಂದರಲ್ಲಾದರೂ 7 ಇದ್ದೇ ತೀರಬೇಕು. ಯಾವುದರಲ್ಲಿ? ಗೊತ್ತಿಲ್ಲ. ಆದರೆ ಯಾವುದರಲ್ಲಿದ್ದರೂ ಮೂಲೆಯ ಸಾ1ಕಂ1ರಲ್ಲಿ 7 ಇರಲಾರದು. ಎಲ್ಲಿದೆಯೆಂದು ತಿಳಿಯದೆಯೇ ಎಲ್ಲಿಲ್ಲವೆಂದು ಖಚಿತವಾಗಿ ಹೇಳುವ ಈ ಬಗೆಗೆ ನಾನು ಬೆರಗಾದೆ.

1979ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡು, 1984ರಲ್ಲಿ ಜಪಾನಿಗೆ ಹೋಗಿ ಅಲ್ಲಿಯ ಹೆಸರು ಪಡೆದು, 2004ರಲ್ಲಿ ಲಂಡನ್ನಿನ ‘ಟೈಮ್ಸ್’ ಸೇರಿ ಲೋಕ ಸುತ್ತಿದ ಆಟ ಇದು. ಆದರೆ ಮನೆಯಿಂದ ಮನೆಗೆ ಹೋಗುವ ದಾರಿಯನ್ನು ಕಾಪಿಡುವ ಹುಚ್ಚು ನಮ್ಮವರಿಗೂ ಇತ್ತು. 1794ರಲ್ಲಿ ನಮ್ಮ ಶ್ರೀರಂಗಪಟ್ಟಣದಲ್ಲೇ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ದಾರಿಗಳನ್ನು ಕಟ್ಟಿದರು. ಅವರಿಗೂ ಬಹು ಹಿಂದೆ ವೇದಾಂತದೇಶಿಕರು ‘ಪಾದುಕಾಸಹಸ್ರ’ದಲ್ಲಿ, ಒಂದು ಶ್ಲೋಕದ 32 ಅಕ್ಷರಗಳನ್ನು ಕುದುರೆಯ ನಡೆಯಲ್ಲಿ ಓದಿದರೆ ಇನ್ನೊಂದು ಶ್ಲೋಕವಾಗುವಂತೆ ರಚಿಸಿದರು. ದಾರಿಯನ್ನು ಬರೆದಿಟ್ಟರೆ ಮತ್ತೊಬ್ಬನು ಅದರಲ್ಲಿ ನಡೆದು ನೋಡಬಹುದು. ನಾವು ಎಡವಿದ ಕಡೆ ಬೆರಳಿಟ್ಟು ತೋರಿಸಬಹುದು. ಬರಿಯ ಉತ್ತರಕ್ಕೆ ಆ ಉಪಕಾರವಿಲ್ಲ.

ಅಂದು ರಾತ್ರಿ ನನಗೆ ನಾಗಮಂಗಲದ ದಿನಗಳು ನೆನಪಾದುವು. ಆಗ ನಾನು ಅಲ್ಲಿ ಅಧ್ಯಾಪಕ. ಕಿರುಪರೀಕ್ಷೆಯೊಂದರಲ್ಲಿ ಅಕ್ಕಪಕ್ಕ ಕುಳಿತ ಇಬ್ಬರು ಹುಡುಗರು ಒಂದೇ ತಪ್ಪು ಬರೆದಿದ್ದರು: ಕೆ. ಎಸ್. ನರಸಿಂಹಸ್ವಾಮಿಯವರ ಹುಟ್ಟೂರು ಕಿಕ್ಕೇರಿ ನಾಗಮಂಗಲ ತಾಲ್ಲೂಕಿನಲ್ಲಿದೆ ಎಂದು. ಉಳಿದವರು ತಾಲ್ಲೂಕಿನ ಗೋಜಿಗೇ ಹೋಗಿರಲಿಲ್ಲ. ಕಿಕ್ಕೇರಿ ಇರುವುದು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ. ಇಬ್ಬರಲ್ಲಿ ಒಬ್ಬ ಕಿಕ್ಕೇರಿಯ ಪಕ್ಕದ ಹಳ್ಳಿಯವನೇ. ನನ್ನ ತರ್ಕ ಸಿದ್ಧವಾಯಿತು: ಒಬ್ಬನು ಇನ್ನೊಬ್ಬನದನ್ನು ನೋಡಿ ಬರೆದಿರಬೇಕು. ತನ್ನ ಸೀಮೆಯ ಊರಿನ ವಿಷಯದಲ್ಲಿ ಯಾರೂ ತಾವಾಗಿ ತಪ್ಪುವುದಿಲ್ಲ. ಆದುದರಿಂದ ನೋಡಿ ಬರೆದವನು ಆ ಹಳ್ಳಿಯ ಹುಡುಗ. ಸೊನ್ನೆ ಹಾಕಿ, ತುಂಬಿದ ತರಗತಿಯಲ್ಲಿ ಆಡಬಾರದ ಮಾತನ್ನೂ ಆಡಿದೆ. ಅವನು ಏನೋ ಹೇಳಲು ಬಾಯಿ ತೆರೆದ, ನಾನು ಕೂರಿಸಿದೆ. ವಾರದ ಮೇಲೆ ಅವನು ಕಾಲೇಜಿಗೆ ಬರಲಿಲ್ಲ.

ಮರುವರ್ಷ ಪಾಠದ ಟಿಪ್ಪಣಿಗಳನ್ನು ತಿರುವಿಹಾಕುತ್ತಿದ್ದಾಗ ನನ್ನದೇ ಅಕ್ಷರದಲ್ಲಿ ಆ ಸಾಲು ಕಂಡಿತು: “ಕಿಕ್ಕೇರಿ, ನಾಗಮಂಗಲ ತಾಲ್ಲೂಕು.” ಬರೆಸಿದವನು ನಾನೇ!

ಈಗ ಆ ತರ್ಕವನ್ನು ಮಿತ್ರರ ಲಿಪಿಯಲ್ಲಿ ಬರೆದು ನೋಡಿದೆ. ಅವನು ನೋಡಿ ಬರೆದ = ಇವನು ನೋಡಿ ಬರೆದ. ಎರಡು ಗೀಟು ಎಳೆಯುವಾಗಲೇ ಕೈ ತಡೆಯಿತು. ಆ ತಪ್ಪು ಹುಟ್ಟಿರಬಹುದಾದ ಮನೆಗಳು ಎರಡಲ್ಲ, ಮೂರು. ಮೂರನೆಯದರಲ್ಲಿ ನಾನು ಕುಳಿತಿದ್ದೆ. ಆದುದರಿಂದಲೇ ಅದನ್ನು ಎಣಿಸಿರಲಿಲ್ಲ.

ಕಳೆದ ತಿಂಗಳು ಕೃಷ್ಣರಾಜಪೇಟೆಯಲ್ಲಿ ಬಸ್ಸು ಹತ್ತಿದೆ. ಟಿಕೆಟ್ಟು ಕೊಡಲು ಬಂದ ಕಂಡಕ್ಟರು ನನ್ನನ್ನು ಗುರುತಿಸಿ ನಮಸ್ಕರಿಸಿದ. ಅವನೇ. ನಾನು ತಡವರಿಸುತ್ತ, “ಆ ತಪ್ಪು ನನ್ನದಪ್ಪ, ನಿನ್ನದಲ್ಲ” ಎಂದೆ.

“ಗೊತ್ತಿತ್ತು ಸಾರ್. ನಮ್ಮ ಕಿಕ್ಕೇರಿ ಯಾವ ತಾಲ್ಲೂಕು ಅಂತ ನನಗೆ ಗೊತ್ತಿಲ್ಲವೆ? ನೀವು ಬರೆಸಿದ್ದಿರಿ, ಮೇಷ್ಟರು ಹೇಳಿದ್ದು ಅಂತ ಬರೆದೆ.” ಸ್ವಲ್ಪ ತಡೆದು, “ಹೇಗೆ ಬರೆದೆ ಅಂತ ನೀವು ಕೇಳಲಿಲ್ಲ” ಎಂದ.

ಚಿಲ್ಲರೆಯನ್ನು ಎಣಿಸಿ ನನ್ನ ಕೈಗಿಟ್ಟು ಮುಂದಿನ ಸೀಟಿಗೆ ಹೋದ. ಪತ್ರಿಕೆ ತೊಡೆಯ ಮೇಲಿತ್ತು. ಅಂದಿನ ಸುಡೊಕುವನ್ನು ನಾನು ಮುಟ್ಟಲಿಲ್ಲ.