ಮಳೆಕಾಡಿಗೆ ಸೋಲಾರಾ?

ಆಗುಂಬೆ ಕಡೆ ಕಾಡಲ್ಲಿ ಕ್ಯಾಮೆರಾ ಟ್ರ್ಯಾಪ್ ಕಟ್ಟೋರಿಗೆ ‘ಸೋಲಾರ್ ಹಾಕ್ರೀ, ಬ್ಯಾಟರಿ ತಲೆನೋವೇ ಇರಲ್ಲ’ ಅಂತ ಸಲಹೆ ಕೊಡೋರು ಜುಲೈನಲ್ಲಿ ಒಮ್ಮೆ ಆ ಮರದ ಬುಡದಲ್ಲಿ ನಿಂತು ನೋಡಬೇಕು. ಮೇಲೆ ಎಲೆಯ ಚಪ್ಪರ, ಅದರ ಮೇಲೆ ಮೋಡ. ಪ್ಯಾನೆಲ್ ಮೇಲೆ ಪಾಚಿ ಬೇರೆ. ಅಲ್ಲಿಗೆ ಲಿಥಿಯಂ ಪೆನ್ಸಿಲ್ ಸೆಲ್ಲೇ ಸರಿ. ದುಬಾರಿ, ನಿಜ. ಆದ್ರೆ ಅಲ್ಕಲೈನ್ ಸೆಲ್ ಥರ ಸೋರಿ ಸ್ಪ್ರಿಂಗಿಗೆಲ್ಲ ಬಿಳಿ ಪುಡಿ ಹತ್ತಿಸೋದು ಅಪರೂಪ. ಪ್ರಾಣಿ ಸುಳಿದಾಗಷ್ಟೇ ಎಚ್ಚರಾಗೋ ಕ್ಯಾಮೆರಾಗೆ ತಿಂಗಳುಗಟ್ಟಲೆ ಸಾಕು.

ಚಿತ್ರದುರ್ಗದ ಬಯಲಲ್ಲಿ ನಿಂತು ಗಳಿಗೆಗೊಮ್ಮೆ ಮೊಬೈಲ್ ನೆಟ್‌ವರ್ಕಲ್ಲಿ ಡೇಟಾ ಕಳಿಸೋ ಮಳೆಮಾಪಕದ ಕಥೆ ಬೇರೆ. ಅದಕ್ಕೆ ಸೋಲಾರೇ ಬೇಕು. ಆದರೂ ರಾತ್ರಿಗೆ ಅಂತ ಅದರ ಡಬ್ಬದೊಳಗೂ ಒಂದು ಬ್ಯಾಟರಿ ಕೂತಿರುತ್ತೆ. (ಸೋಲಾರ್ ಭಕ್ತರು ಇದನ್ನ ಮಾತ್ರ ಹೇಳಲ್ಲ!) ಪ್ಯಾನೆಲನ್ನ ದಕ್ಷಿಣಕ್ಕೆ ಓರೆಯಾಗಿಡಿ, ಹೋದಾಗೆಲ್ಲ ಧೂಳು ಒರೆಸಿ.