ಪಿ.ಡಿ. ಸರ್ ವರ್ಗವಾದ ಮೇಲೆ

ಬೀಳ್ಕೊಡುಗೆ ಸುದ್ದಿ ಬರೆಯುವುದು ನಮಗೆ ಬಾಯಿಪಾಠ. ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಾಚಾರ್ಯರು ಅಧ್ಯಕ್ಷತೆ ವಹಿಸಿದ್ದರು, ಒಬ್ಬರು ನಿರೂಪಿಸಿದರು, ಇನ್ನೊಬ್ಬರು ವಂದಿಸಿದರು. ಕೊನೆಗೆ ಏಳೆಂಟು ಹೆಸರು ಪೋಣಿಸಿ ‘ಇದ್ದರು’ ಎಂದರೆ ಸಿಂಗಲ್ ಕಾಲಂ ಸಿದ್ಧ. ಯಾದಗಿರಿ, ಶಹಾಪುರ, ಸುರಪುರ ಸುತ್ತುವ ನಮ್ಮಂಥ ಸ್ಟ್ರಿಂಗರ್‌ಗೆ ಇಂಥವು ತಿಂಗಳಿಗೆ ಹತ್ತಾದರೂ ಬರುತ್ತವೆ. ಫೋಟೊ ಮತ್ತು ಹೆಸರಿನ ಪಟ್ಟಿ ವಾಟ್ಸ್‌ಆ್ಯಪ್‌ನಲ್ಲೇ ಬರುವುದರಿಂದ ಕಾರ್ಯಕ್ರಮಕ್ಕೆ ಹೋಗುವ ಅಗತ್ಯವೂ ಇರುವುದಿಲ್ಲ.

2024ರ ಆಗಸ್ಟ್‌ನಲ್ಲಿ ಅಂಥದೇ ಒಂದು ಸುದ್ದಿ ಕಳಿಸಿದೆವು. ನಮ್ಮ ಜಿಲ್ಲೆಯ ಒಂದು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರಿಗೆ ಕೌನ್ಸೆಲಿಂಗ್‌ನಲ್ಲಿ ಬೇರೆ ಜಿಲ್ಲೆಗೆ ವರ್ಗವಾಗಿತ್ತು. ಕಾಲೇಜಿನ ಹೆಸರು ಇಲ್ಲಿ ಬರೆಯುವುದಿಲ್ಲ. ತಪ್ಪು ಆ ಒಂದು ಕಾಲೇಜಿನದಲ್ಲ, ನಮ್ಮ ಪಾಲೂ ಅದರಲ್ಲಿದೆ.

ಅವರನ್ನು ಎಲ್ಲರೂ ಪಿ.ಡಿ. ಸರ್ ಎನ್ನುತ್ತಿದ್ದರು. ಸರ್ಕಾರಿ ಲೆಕ್ಕದಲ್ಲಿ ಅವರು ಖೊಖೊ, ಕಬಡ್ಡಿ, ವಾಲಿಬಾಲ್, ಓಟ ಎಲ್ಲಕ್ಕೂ ಒಬ್ಬರೇ. ಆದರೆ ಓದುವಾಗ ತಾವೇ ಫುಟ್‌ಬಾಲ್ ಆಡಿದವರು. ಹಾಗಾಗಿ ಕಬಡ್ಡಿ, ಖೊಖೊ ಆಡುತ್ತಿದ್ದ ಹುಡುಗಿಯರನ್ನೇ ಕೂಡಿಸಿ ಹದಿನಾಲ್ಕು ಜನರ ಫುಟ್‌ಬಾಲ್ ತಂಡ ಕಟ್ಟಿದರು. ನಮ್ಮ ಕಡೆ ಹುಡುಗರ ಫುಟ್‌ಬಾಲ್ ತಂಡ ಕಾಣುವುದೇ ಅಪರೂಪ, ಹುಡುಗಿಯರದ್ದು ಕೇಳುವುದೇ ಬೇಡ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಹೆಣ್ಣುಮಕ್ಕಳಿಗೆ ಬಸ್ ಉಚಿತವಾದಾಗ ಸರ್, ‘ಬಸ್ ಫ್ರೀ ಆಗ್ಯಾದ, ಇನ್ನ ಯಾವ ನೆವಾನೂ ಇಲ್ಲ’ ಎಂದು ನಕ್ಕಿದ್ದು ನೆನಪಿದೆ. ಹಳ್ಳಿಗಳಿಂದ ಮೊದಲ ಬಸ್ಸಿಗೆ ಬಂದು, ಕ್ಲಾಸಿಗೆ ಮುಂಚೆ ಒಂದು ತಾಸು ಆಡುತ್ತಿದ್ದರು. ಮೈದಾನ ಎರೆಮಣ್ಣಿನದು. ಮಳೆ ಬಂದರೆ ಬೂಟಿಗೆ ಸೇರು ಮಣ್ಣು, ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು.

ಸರ್ ಹೋದರು. ನಾವು ಸುದ್ದಿ ಹಾಕಿದೆವು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡೆವು.

ಮುಂದಿನ ಜನವರಿಯಲ್ಲಿ ಶಹಾಪುರ ಬಸ್ ನಿಲ್ದಾಣದಲ್ಲಿ ಆ ತಂಡದ ಹುಡುಗಿಯೊಬ್ಬಳು ಸಿಕ್ಕಳು. ಗೋಲ್‌ಕೀಪರ್ ಆಗಿದ್ದವಳು. ಮಾತಿಗೆ ಕೇಳಿದೆವು, ‘ಏನವಾ, ಆಟ ಹೆಂಗ ನಡದದ?’

‘ಎಲ್ಲಿ ಆಟ್ರೀ ಅಣ್ಣಾ. ಸರ್ ಹೋದ ಮ್ಯಾಲ ಬಂದ್ ಆಗ್ಯಾದ.’

‘ಬ್ಯಾರೆ ಸರ್ ಬಂದಿಲ್ಲೇನು?’

‘ಕಾಮರ್ಸ್ ಸರ್‌ಗೆ ಚಾರ್ಜ್ ಕೊಟ್ಟಾರ್ರಿ. ಅವರೂ ಚೊಲೋ ಅದಾರ, ಚೆಂಡು ಕೇಳಿದ್ರ ಕೊಡ್ತಾರ. ಆದ್ರ ನಮ್ಮ ಅಪ್ಪ ಕಳಸವಲ್ಲ. ಅಪ್ಪ ಆಟಕ್ಕ ಹೂಂ ಅಂದಿದ್ದಿಲ್ರಿ. ಸರ್‌ಗೆ ಹೂಂ ಅಂದಿದ್ದ.’

ಬಸ್ ಬಂತು, ಹತ್ತಿ ಹೋದಳು. ಆ ಕೊನೆಯ ಮಾತು ನಮ್ಮಲ್ಲೇ ಉಳಿಯಿತು.

ಮರುವಾರ ಕಾಲೇಜಿಗೆ ಹೋಗಿ ಕಾಮರ್ಸ್ ಸರ್ ಅವರನ್ನು ಕಂಡೆವು. ಪಾಪ, ಅವರದೇನೂ ತಪ್ಪಿಲ್ಲ. ಚಾರ್ಜ್ ಲಿಸ್ಟ್ ತೆಗೆದು ತೋರಿಸಿದರು. ಫುಟ್‌ಬಾಲ್ ಐದು, ಅದರಲ್ಲಿ ಎರಡು ಪಂಕ್ಚರ್. ಪಂಪ್ ಒಂದು. ವಾಲಿಬಾಲ್ ನೆಟ್ ಎರಡು. ಗುಂಡು, ಡಿಸ್ಕಸ್, ಬೀರುವಿನ ಕೀಲಿ. ಕೊಟ್ಟವರ ಸಹಿ, ತೆಗೆದುಕೊಂಡವರ ಸಹಿ, ಮೇಲೆ ಪ್ರಾಚಾರ್ಯರ ಸೀಲು. ಪಂಕ್ಚರ್ ಆದ ಚೆಂಡಿಗೂ ಲೆಕ್ಕವಿತ್ತು. ಹದಿನಾಲ್ಕು ಹುಡುಗಿಯರ ಲೆಕ್ಕ ಮಾತ್ರ ಇರಲಿಲ್ಲ. ಯಾರ ಮನೆಯಲ್ಲಿ ಯಾರನ್ನು ಕೇಳಬೇಕು, ಯಾರು ಹತ್ತಿ ಬಿಡಿಸುವ ದಿನಗಳಲ್ಲಿ ಬರುವುದಿಲ್ಲ, ಯಾರ ಊರಿನ ಬಸ್ ಎಷ್ಟಕ್ಕೆ, ಯಾರಿಗೆ ಶಾರ್ಟ್ಸ್ ಬದಲು ಟ್ರ್ಯಾಕ್ ಪ್ಯಾಂಟ್ ಎಂದು ಅವ್ವನಿಗೆ ಮಾತು ಕೊಟ್ಟಿದೆ. ಇದೆಲ್ಲ ಹಳೇ ಸರ್ ತಲೆಯಲ್ಲಿತ್ತು. ಅವರ ಜೊತೆಗೇ ವರ್ಗವಾಗಿ ಹೋಯಿತು.

ಆ ಚಳಿಗಾಲದಲ್ಲೇ ಫೋನಿನಲ್ಲಿ ಓದಿದ ಒಂದು ಸುದ್ದಿಯನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು ಅನ್ನಿಸಿತು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಫುಟ್‌ಬಾಲ್ ತಂಡವನ್ನು 1979ರಲ್ಲಿ ಕಟ್ಟಿದವರು ಆನ್ಸನ್ ಡೊರಾನ್ಸ್. ಅಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ 21 ಎನ್‌ಸಿಎಎ ಪ್ರಶಸ್ತಿ ಗೆದ್ದ ಕೋಚ್. ಮಿಯಾ ಹ್ಯಾಮ್ ಅವರ ಕೈಯಲ್ಲಿ ಬೆಳೆದವರು. ನಮ್ಮ ಪಿ.ಡಿ. ಸರ್ ಶಾಲು ಹೊದ್ದ 2024ರ ಆಗಸ್ಟ್‌ನಲ್ಲೇ, ಸೀಸನ್ ಶುರುವಾಗಲು ಕೆಲವೇ ದಿನ ಇರುವಾಗ, ಅವರೂ ನಿವೃತ್ತಿ ಘೋಷಿಸಿದರು. ತಂಡ ಕುಸಿಯಬೇಕಿತ್ತು. ಆದರೆ ವರ್ಷಗಳಿಂದ ಅವರ ಸಹಾಯಕರಾಗಿದ್ದ ಡೇಮನ್ ನಹಾಸ್ ಜವಾಬ್ದಾರಿ ಹೊತ್ತರು. ಅದೇ ಡಿಸೆಂಬರ್‌ನಲ್ಲಿ ವೇಕ್ ಫಾರೆಸ್ಟ್ ತಂಡವನ್ನು 1–0ರಿಂದ ಸೋಲಿಸಿ ಮತ್ತೆ ಚಾಂಪಿಯನ್ ಆದರು. ಹೊಸ ಕೋಚ್‌ಗೆ ಆಟಗಾರ್ತಿಯರ ಪರಿಚಯ ಮಾಡಿಕೊಡಬೇಕಿರಲಿಲ್ಲ.

ಅದು ದುಡ್ಡಿರುವ ದೇಶ, ಅವರ ಲೆಕ್ಕ ಬೇರೆ ಎನ್ನಬಹುದು. ನಮ್ಮ ದೇಶದ ಮಹಿಳಾ ತಂಡವನ್ನೇ ನೋಡೋಣ. ಥಾಮಸ್ ಡೆನರ್ಬಿ ನಂತರ 2023ರಲ್ಲಿ ಆಂಟನಿ ಆ್ಯಂಡ್ರೂಸ್, 2024ರಲ್ಲಿ ಚಾವೋಬಾ ದೇವಿ, ಆಮೇಲೆ ಸಂತೋಷ್ ಕಶ್ಯಪ್, ಅವರ ನಂತರ ಯೋಕಿಮ್ ಅಲೆಕ್ಸಾಂಡರ್ಸನ್, 2025ರಲ್ಲಿ ಕ್ರಿಸ್ಪಿನ್ ಛೆಟ್ರಿ. ಇಷ್ಟೆಲ್ಲ ಬದಲಾದರೂ 2025ರ ಜುಲೈ 5ರಂದು ಥಾಯ್ಲೆಂಡ್ ವಿರುದ್ಧ ಅವರದೇ ನೆಲದಲ್ಲಿ 2–1ರಿಂದ ಗೆದ್ದು ಏಷ್ಯಾ ಕಪ್‌ಗೆ ಅರ್ಹತೆ ಪಡೆದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು.

ಹಾಗಾದರೆ ಕೋಚ್ ಬದಲಾದರೆ ಏನೂ ಆಗುವುದಿಲ್ಲವೇ? ಆಗುತ್ತದೆ. ಆದರೆ ದೇಶದ ತಂಡಕ್ಕೆ ಬರುವ ಹೊತ್ತಿಗೆ ಹುಡುಗಿ ಮನೆಯ ಹೊಸ್ತಿಲು ದಾಟಿ ಎಷ್ಟೋ ವರ್ಷವಾಗಿರುತ್ತದೆ. ಕ್ಲಬ್ ಇರುತ್ತದೆ, ಕ್ಯಾಂಪ್ ಇರುತ್ತದೆ. ಕೋಚ್ ಹೋದರೂ ಆಟ ಅವಳ ಕೈಯಲ್ಲಿ ಉಳಿಯುತ್ತದೆ. ನಮ್ಮ ಹುಡುಗಿಯರ ಹತ್ತಿರ ಇರುವುದು ಒಂದು ಅನುಮತಿ ಮಾತ್ರ. ಅದೂ ಅವರ ಹೆಸರಿನಲ್ಲಿಲ್ಲ, ಸರ್ ಹೆಸರಿನಲ್ಲಿದೆ. ಮೇಲಾಗಿ ಪದವಿ ಎಂದರೆ ಮೂರು ವರ್ಷ. ಹುದ್ದೆ ಒಂದು ವರ್ಷ ಖಾಲಿ ಬಿದ್ದರೆ ಒಬ್ಬ ಹುಡುಗಿಯ ಕಾಲೇಜು ಆಟದಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಇಲಾಖೆಗೆ ಅದು ‘ಪ್ರಭಾರ’ ಎಂಬ ಒಂದು ಪದ.

ವರ್ಗಾವಣೆ ಬೇಡ ಎಂದು ನಾವು ಹೇಳುತ್ತಿಲ್ಲ. ಪಿ.ಡಿ. ಸರ್‌ಗೂ ವಯಸ್ಸಾದ ತಂದೆತಾಯಿ ಇದ್ದರು, ಹತ್ತಿರದ ಊರು ಕೇಳಿದರು, ಸಿಕ್ಕಿತು. ಅದು ಅವರ ಹಕ್ಕು. ಅವರು ಹೋಗಿದ್ದರಿಂದ ಆಟ ನಿಲ್ಲಲಿಲ್ಲ, ಹುಡುಗಿಯರನ್ನು ಯಾರಿಗೂ ಒಪ್ಪಿಸದೆ ಹೋಗಿದ್ದರಿಂದ ನಿಂತಿತು. ಒಪ್ಪಿಸಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬೀಳ್ಕೊಡುಗೆ ಸುದ್ದಿ ಬರೆದ ನಾವೂ ಕೇಳಿರಲಿಲ್ಲ.

2025ರ ಮಳೆಗಾಲದಲ್ಲಿ ಆ ಕಾಲೇಜಿಗೆ ಹೊಸ ಪಿ.ಡಿ. ಬಂದರು. ಈ ಸಲ ಮೇಡಂ. ಇನ್ನೇನು, ಹೆಣ್ಣುಮಗಳೇ ಬಂದ ಮೇಲೆ ಮನೆಯವರು ಕಳಿಸುತ್ತಾರೆ ಎಂದುಕೊಂಡೆವು. ಅದೂ ನಮ್ಮ ತಪ್ಪು ಲೆಕ್ಕ. ಎರಡು ವಾರ ನಾಲ್ಕೇ ಹುಡುಗಿಯರು ಬಂದರು. ಕೊನೆಗೆ ಒಂದು ಭಾನುವಾರ ಮೇಡಂ ಆ ಗೋಲ್‌ಕೀಪರ್ ಹುಡುಗಿಯ ಮನೆಗೆ ಹೊರಟರು. ದಾರಿ ತೋರಿಸಲು ನಾವೂ ಜೊತೆಗೆ ಹೋದೆವು. ವರದಿಗಾರ ಇಂಥದ್ದಕ್ಕೆ ಹೋಗಬೇಕೋ ಬೇಡವೋ, ಡಿಪ್ಲೊಮಾದಲ್ಲಿ ನಮಗೆ ಹೇಳಿಕೊಟ್ಟಿಲ್ಲ.

ಹುಡುಗಿಯ ಅಪ್ಪ ಕಟ್ಟೆಗೆ ಕೂಡಿಸಿ ಚಹಾ ಕೊಟ್ಟರು. ಮೇಡಂ ಹೇಳಿದ್ದನ್ನೆಲ್ಲ ಕೇಳಿದರು. ಆಮೇಲೆ ನಮ್ಮ ಕಡೆ ತಿರುಗಿ ಅಂದರು, ‘ಮೇಡಂ ಚೊಲೋನೇ ಇರಬೇಕ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ನಮಗ ಗುರ್ತಿಲ್ಲ. ಆ ಸರ್‌ಗೊಂದು ಫೋನ್ ಹಚ್ರಿ.’

ಹಚ್ಚಿದೆವು. ಸರ್ ಎತ್ತಿದರು. ಸ್ಪೀಕರ್‌ನಲ್ಲಿ, ‘ಕಾಕಾ, ಅರಾಮ ಅದೀರಿ? ಮೇಡಂ ನಮ್ಮವರೇ ಅದಾರ್ರಿ. ನನ್ನ ಕಡಿ ಕಳಿಸಿದಂಗ ಕಳಸ್ರಿ’ ಎಂದರು. ಮಳೆ, ಬೆಳೆ, ತಬ್ಬೇತು ಎಲ್ಲ ವಿಚಾರಿಸಿ ಎರಡು ನಿಮಿಷದಲ್ಲಿ ಮಾತು ಮುಗಿಯಿತು. ಅಪ್ಪ ಫೋನ್ ವಾಪಸ್ ಕೊಡುತ್ತಾ ಮಗಳಿಗೆ, ‘ನಾಳೆ ಮೊದಲ ಬಸ್ಸಿಗೇ ಹೋಗ್ತಿ?’ ಎಂದು ಕೇಳಿದರು.

ಎರಡು ನಿಮಿಷ. ಅದೇ ಫೋನ್ ಹಿಂದಿನ ವರ್ಷದ ಆಗಸ್ಟ್‌ನಲ್ಲಿ ಹೋಗಿದ್ದರೆ ಒಂದು ವರ್ಷ ಉಳಿಯುತ್ತಿತ್ತು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹದಿನಾಲ್ಕರಲ್ಲಿ ವಾಪಸ್ ಬಂದವರು ಆರು. ಐವರ ಪದವಿಯೇ ಮುಗಿದಿತ್ತು, ಇಬ್ಬರಿಗೆ ಮದುವೆಯಾಗಿತ್ತು, ಒಬ್ಬಳು ಮನೆಯವರ ಜೊತೆ ಬೆಂಗಳೂರಿಗೆ ದುಡಿಯಲು ಹೋಗಿದ್ದಳು. ಹನ್ನೊಂದು ಆಗಲು ಹೊಸ ಹುಡುಗಿಯರು ಬೇಕು, ಅವರ ಮನೆಗಳಿಗೂ ಯಾರಾದರೂ ಹೋಗಬೇಕು. ಮೇಡಂ ಹೋಗುತ್ತಿದ್ದಾರೆ.

ಇದನ್ನು ಓದುತ್ತಿರುವ ನಮ್ಮ ಬ್ಯಾಚಿನವರು, ಬೇರೆ ಜಿಲ್ಲೆಗಳಲ್ಲಿ ನಮ್ಮಂತೆಯೇ ಸುದ್ದಿ ಹೆಕ್ಕುವವರು, ಒಂದು ಕೆಲಸ ಮಾಡಿ. ಮುಂದಿನ ಸಲ ದೈಹಿಕ ಶಿಕ್ಷಣ ನಿರ್ದೇಶಕರ ಬೀಳ್ಕೊಡುಗೆ ಫೋಟೊ ಬಂದಾಗ, ಹಾಕುವ ಮುಂಚೆ ಒಂದು ಫೋನ್ ಮಾಡಿ ಕೇಳಿ: ಹೆಣ್ಣುಮಕ್ಕಳ ತಂಡವನ್ನು ಯಾರಿಗೆ ಒಪ್ಪಿಸಿದಿರಿ? ಉತ್ತರ ಇದ್ದರೆ ಸುದ್ದಿಯಲ್ಲಿ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಅದೇ ಸುದ್ದಿ.

ಮೊನ್ನೆ ಕಾಲೇಜಿಗೆ ಹೋದಾಗ ಮೇಡಂ ಸ್ಟಾಕ್ ರಿಜಿಸ್ಟರ್ ತೋರಿಸಿದರು. ಚೆಂಡು, ನೆಟ್, ಪಂಪ್ ಎಲ್ಲ ಮೊದಲಿನಂತೆಯೇ ಇದೆ. ಕೊನೆಯ ಪುಟದಲ್ಲಿ ಗೆರೆ ಹೊಡೆದು ಹುಡುಗಿಯರ ಹೆಸರು, ಊರು, ಬಸ್ ವೇಳೆ, ಮನೆಯಲ್ಲಿ ಯಾರ ಜೊತೆ ಮಾತಾಡಬೇಕು ಎಂದು ಬರೆದಿದ್ದಾರೆ. ಸಹಿ ಜಾಗ ಖಾಲಿ ಇದೆ. ‘ನಾನೂ ಒಂದಿನ ವರ್ಗ ಆಗ್ತೀನಲ್ರಿ’ ಎಂದರು.